ತಾರೀಖಿಗೆ ಚಂದ್ರ ಕಾಣುವುದಿಲ್ಲ

ನನ್ನ ಅಡುಗೆಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇದೆ. ಕೋಲಾರದ ದಿನಸಿ ಅಂಗಡಿಯವರು ಹೊಸ ವರ್ಷಕ್ಕೆ ಬೆಲ್ಲ ಬೇಳೆಯ ಜೊತೆ ಸುರುಳಿ ಸುತ್ತಿ ಕೊಟ್ಟದ್ದು. ಒಂದೊಂದು ಚೌಕದಲ್ಲೂ ತಾರೀಖು ಕಾಲು ಚಾಚಿ ಕೂತ ಯಜಮಾನನ ಹಾಗೆ ದಪ್ಪಗಿರುತ್ತದೆ. ತಿಥಿ ಮಾತ್ರ ಕೆಳಗಿನ ಮೂಲೆಯಲ್ಲಿ, ಇರುವೆ ಸಾಲಿನ ಹಾಗೆ. ಅದನ್ನು ಓದಲು ನನಗೆ ಭೂತಗನ್ನಡಿ ಬೇಕು. ಫೋನು ಹಾಗಲ್ಲ. ನನ್ನ ತಂಗಿಯ ಮಗಳು ಅದರಲ್ಲಿ ಏನು ಒತ್ತಿಟ್ಟು ಹೋದಳೋ, ಬೆಳಿಗ್ಗೆ ನಾನು ಹಲ್ಲುಜ್ಜುವ ಮೊದಲೇ ‘ಆನ್ ದಿಸ್ ಡೇ ಇನ್ ಮ್ಯೂಸಿಕ್’ ಎಂದು ದೊಡ್ಡ ಅಕ್ಷರಗಳಲ್ಲಿ ಶುರುಮಾಡುತ್ತದೆ. ಇದೇ ದಿನ ಒಬ್ಬ ಹಾಡುಗಾರ ಹುಟ್ಟಿದ. ಇದೇ ದಿನ ಒಂದು ಬ್ಯಾಂಡಿನ ಹುಡುಗರು ಸ್ಟೇಜಿನ ಮೇಲೆಯೇ ಜಗಳವಾಡಿ ಬೇರೆಯಾದರು. ಇದೇ ದಿನ ಒಬ್ಬಳ ಮೊದಲ ರೆಕಾರ್ಡ್ ಅಂಗಡಿಗೆ ಬಂತು. ಇದೇ ದಿನ ಇನ್ನೊಬ್ಬಳು ತೀರಿಹೋದಳು.

ಹೋದ ಪುಷ್ಯ ಮಾಸದ ಒಂದು ಬೆಳಿಗ್ಗೆ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಭೂತಗನ್ನಡಿ ಹಿಡಿದು ನಾನು ಆ ಕ್ಯಾಲೆಂಡರಿನ ಮುಂದೆ ನಿಂತುಬಿಟ್ಟೆ. ಮೂರು ದಿನ ಮುಂದಿನ ಒಂದು ಚೌಕ. ಮೇಲೆ ನನ್ನ ಅಕ್ಕ ಸತ್ತ ತಾರೀಖು. ಕೆಳಗೆ, ಇರುವೆ ಸಾಲಿನಲ್ಲಿ, ಬಹುಳ ಪಂಚಮಿ. ಅದು ಅಕ್ಕ ಸತ್ತ ತಿಥಿ. ಎರಡೂ ಒಂದೇ ಚೌಕದಲ್ಲಿ ಒಟ್ಟಿಗೆ ಕೂತಿದ್ದವು, ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟವರು ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿ ಪಕ್ಕಪಕ್ಕ ಕೂತ ಹಾಗೆ. ಹತ್ತೊಂಬತ್ತು ವರ್ಷಕ್ಕೊಮ್ಮೆ ಹೀಗಾಗುತ್ತದಂತೆ. ನನಗೆ ಈಗಿನ ವಯಸ್ಸಿನಲ್ಲಿ ಇನ್ನೊಂದು ಸಲ ಆಗುವುದಿಲ್ಲ.

ಹೋಗಲೇ, ಬೇಡವೇ? ಹೋಗಬೇಕಾದದ್ದು ಶ್ರೀನಿವಾಸಪುರದ ಹತ್ತಿರದ ಊರಿಗೆ, ಅಕ್ಕನ ಮಗನ ಮನೆಗೆ. ದೂರವೇನಲ್ಲ, ಬಸ್ಸಿದೆ. ಆದರೂ ನಾನು ಯೋಚಿಸುತ್ತಾ ನಿಂತಿದ್ದೆ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ಹಿಂದಕ್ಕೆ, ಹುಳದ ಮನೆಗೆ ಕರೆದುಕೊಂಡು ಹೋಗಬೇಕು. ಬನ್ನಿ. ಚಪ್ಪಲಿ ಹೊರಗೆ ಬಿಡಿ. ಪೌಡರ್, ಸೆಂಟು ಹಾಕಿದ್ದರೆ ಮುಖ ತೊಳೆದುಕೊಂಡು ಬನ್ನಿ, ರೇಷ್ಮೆ ಹುಳಕ್ಕೆ ವಾಸನೆ ಆಗುವುದಿಲ್ಲ.

ಅಕ್ಕ ಅಂದೆನಲ್ಲ, ಅವಳು ನನ್ನ ಒಡಹುಟ್ಟಿದವಳಲ್ಲ. ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ, ನಾರಾಯಣಮ್ಮ. ಮನೆಮಾತು ತೆಲುಗು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನೋ, ಟೇಕಲ್ ಸ್ಟೇಷನ್ನಿನ ರೈಲ್ವೆ ಗುಮಾಸ್ತರ ಮಗಳು. ನಮ್ಮ ಅಪ್ಪ ಸಂಬಳದಲ್ಲಿ ಅರ್ಧ ಸುರಿದು ನನ್ನನ್ನು ಬೋರ್ಡಿಂಗ್ ಇದ್ದ ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ಒಬ್ಬ ಸಿಸ್ಟರ್ ನಮಗೆ ಸಂಜೆ ಹೊತ್ತು ಪಿಯಾನೋ ನುಡಿಸಿ ಇಂಗ್ಲಿಷ್ ಹಾಡು ಹೇಳಿಕೊಡುತ್ತಿದ್ದರು. ದೇವರ ಹಾಡು ಮುಗಿದ ಮೇಲೆ ಬಾಗಿಲು ಮುಚ್ಚಿ, ಒಂದೊಂದು ಸಿನಿಮಾದ ಹಾಡು. ‘ಮದರ್‌ಗೆ ಹೇಳಬೇಡಿ, ಡಿಯರ್ಸ್’ ಎನ್ನುತ್ತಿದ್ದರು. ಆ ಹಾಡುಗಳನ್ನು ಟ್ರಂಕಿನಲ್ಲಿಟ್ಟುಕೊಂಡು ನಾನು ರಾಗಿ, ಮಾವು, ಹಿಪ್ಪುನೇರಳೆ ಬೆಳೆಯುವ ಮನೆಗೆ ಸೊಸೆಯಾಗಿ ಬಂದೆ. ಮೊದಲ ವಾರವೇ ಅತ್ತೆ ನನಗೆ ಹೆಸರಿಟ್ಟರು, ‘ಕಾನ್ವೆಂಟು’. ‘ಏ ಕಾನ್ವೆಂಟೂ, ಸಗಣಿ ಮುಟ್ಟಿದ್ರೆ ಇಂಗ್ಲಿಷ್ ಮರ್ತೋಗ್ತದಾ?’ ಮರೆತುಹೋಗಲಿಲ್ಲ. ಆದರೆ ಮಾತನಾಡಲು ಯಾರೂ ಇಲ್ಲದೆ ಅದು ನನ್ನ ಬಾಯಲ್ಲೇ ಕೂತು ತುಕ್ಕು ಹಿಡಿಯತೊಡಗಿತು. ನನ್ನ ಗಂಡ ಮುಳಬಾಗಿಲಿನ ಸ್ಕೂಲಿನಲ್ಲಿ ಮೇಷ್ಟ್ರು, ಅಲ್ಲೇ ಒಂದು ರೂಮು ಮಾಡಿಕೊಂಡಿದ್ದವರು. ಶನಿವಾರ ಸಂಜೆ ಬರುತ್ತಿದ್ದರು, ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದರು. ಒಳ್ಳೆಯವರು. ಮೌನಿ. ಮದುವೆಯಾದ ಹೊಸದರಲ್ಲಿ ನನಗೊಂದು ಟ್ರಾನ್ಸಿಸ್ಟರ್ ತಂದುಕೊಟ್ಟರು, ತೊಗಲಿನ ಕವರು ಹಾಕಿದ್ದು. ತಾವು ಆಡಲಾರದ ಮಾತನ್ನು ಅದಾದರೂ ಆಡಲಿ ಎಂದಿರಬೇಕು.

ಸಮುದ್ರದಾಚೆಯ ಒಂದು ಸ್ಟೇಷನ್ ಬೆಳಗಿನ ಹೊತ್ತು ಸಿಗುತ್ತಿತ್ತು. ಅಲೆ ಅಲೆಯಾಗಿ ಬಂದು ಹೋಗುವ ಸದ್ದು, ನಡುವೆ ಗರಗರ. ಅಲ್ಲೊಬ್ಬ ಅನೌನ್ಸರ್ ಪ್ರತಿದಿನವೂ ಆ ತಾರೀಖಿಗೆ ಹಾಡಿನ ಲೋಕದಲ್ಲಿ ಏನೇನಾಯಿತು ಎಂದು ಹೇಳಿ, ಒಂದು ಹಾಡು ಹಾಕುತ್ತಿದ್ದ. ಬೆಣ್ಣೆ ಹಚ್ಚಿದಂಥ ಧ್ವನಿ. ಅದು ಹುಳಕ್ಕೆ ಬೆಳಗಿನ ಮೇವು ಹಾಕುವ ಹೊತ್ತು. ಅಕ್ಕ ಮಣೆಯ ಮುಂದೆ ಕೂತು ಸೊಪ್ಪು ಹೆಚ್ಚುವಳು, ನಾನು ಬಿದಿರು ತಟ್ಟೆಗಳ ಮೇಲೆ ಉದುರಿಸುವೆ. ರೇಡಿಯೋ ಬಾಗಿಲ ಮೊಳೆಗೆ ನೇತಾಡುತ್ತಿತ್ತು. ಸೆಲ್ಲು ಸೋತಾಗ ಅವನ ಧ್ವನಿ ಅಜ್ಜನದಾಗುತ್ತಿತ್ತು. ಆಗ ಸೆಲ್ಲುಗಳನ್ನು ತೆಗೆದು ಒಂದು ದಿನ ಹಂಚಿನ ಮೇಲೆ ಬಿಸಿಲಿಗಿಟ್ಟರೆ ಮರುದಿನ ಮತ್ತೆ ಯುವಕನಾಗುತ್ತಿದ್ದ.

ಮೊದಲ ದಿನವೇ ಅಕ್ಕ ಕತ್ತಿ ನಿಲ್ಲಿಸಿ ಕೇಳಿದಳು, ‘ಏಮಂಟಾಡೇ ವೀಡು?’ ಏನನ್ನುತ್ತಾನೆ ಇವನು, ಅಂತ.

‘ಇವತ್ತಿನ ತಾರೀಖಿಗೆ ಒಬ್ಬ ದೊಡ್ಡ ಗಾಯಕ ಹುಟ್ಟಿದ್ನಂತೆ ಅಕ್ಕ.’

‘ಎಷ್ಟನೇ ಮಗ?’

ಅನೌನ್ಸರ್ ಅದನ್ನು ಹೇಳಿರಲಿಲ್ಲ. ಆದರೂ ನಾನು ‘ನಾಲ್ಕನೆಯವನು’ ಎಂದೆ.

‘ಅದಕ್ಕೇ ಇಷ್ಟು ಕಿರುಚ್ತಾನೆ. ನಾಲ್ಕನೇದಕ್ಕೆ ಯಾರು ಹಾಲು ಕೊಡ್ತಾರೆ ಸರಿಯಾಗಿ,’ ಎಂದು ಅಕ್ಕ ಮತ್ತೆ ಸೊಪ್ಪು ಹೆಚ್ಚತೊಡಗಿದಳು.

ನೋಡಿ, ಎಷ್ಟು ಸಲೀಸಾಗಿ ಹೊಕ್ಕುಬಿಟ್ಟಳು. ನಾನು ಕಾನ್ವೆಂಟಿನಲ್ಲಿ ವರ್ಷಗಟ್ಟಲೆ ಆ ಹಾಡುಗಾರರನ್ನು ಗೋಡೆಯ ಮೇಲಿನ ದೇವರಂತೆ ದೂರದಿಂದ ನೋಡಿದ್ದೆ. ಅಕ್ಕನಿಗೆ ಅವರೆಲ್ಲ ಪಕ್ಕದೂರಿನವರು. ಯಾರು ಯಾರನ್ನು ಬಿಟ್ಟರು, ಯಾರಿಗೆ ಮಕ್ಕಳಾಗಲಿಲ್ಲ, ಯಾರ ಅಪ್ಪ ಕುಡುಕ, ಎಲ್ಲ ಬೇಕು. ಹಾಡು ಬಂದಾಗ ಕಿವಿ ಕೊಟ್ಟು ಕೇಳುತ್ತಿದ್ದಳು. ಮಾತು ತಿಳಿಯದಿದ್ದರೂ ತೀರ್ಪು ಕೊಡದೆ ಬಿಡುತ್ತಿರಲಿಲ್ಲ. ‘ಇವ್ನು ಸುಳ್ಳು ಅಳ್ತಾನೆ.’ ‘ಇವ್ಳಿಗೆ ನಿಜವಾಗ್ಲೂ ಏನೋ ಆಗಿದೆ ಕಣೇ ಚೆಲ್ಲೀ.’ ನನ್ನನ್ನು ಅವಳು ಕರೆಯುತ್ತಿದ್ದುದು ಚೆಲ್ಲಿ ಎಂದೇ. ತಂಗಿ ಎಂದರ್ಥ. ಆ ಮನೆಯಲ್ಲಿ ನನ್ನನ್ನು ಕಾನ್ವೆಂಟು ಎನ್ನದಿದ್ದವಳು ಅವಳೊಬ್ಬಳೇ.

ತೊಂದರೆ ಬಂದದ್ದು ಮೊದಲ ಸಾವಿನ ದಿನ. ‘ಇದೇ ದಿನ’ ಎಂದು ಅನೌನ್ಸರ್ ಧ್ವನಿ ತಗ್ಗಿಸಿದ. ಒಬ್ಬ ಗಿಟಾರಿನವನು ಸತ್ತಿದ್ದ. ಅಕ್ಕ ಕೇಳಿದಳು, ನಾನು ಹೇಳಿದೆ. ಅವಳು ಮಣೆ ಬಿಟ್ಟು ಎದ್ದು ನನ್ನ ಬಾಯಿ ಮುಚ್ಚಿದಳು. ಕೈಯಲ್ಲಿ ಹಿಪ್ಪುನೇರಳೆಯ ಹಸಿರು ವಾಸನೆ.

‘ಹುಳದ ಮನೆಲಿ ಸಾವು ಹೇಳ್ತಾರೇನೇ! ಹುಳ ಮೇವು ಬಿಟ್ಟಾವು!’

ಆ ಕಡೆ ಹಾಗೊಂದು ನಡೆ ಇತ್ತು. ಹುಳ ಬಲು ನಾಜೂಕು, ಸೂತಕದವರು ಒಳಗೆ ಕಾಲಿಡಬಾರದು, ಸಾವಿನ ಸುದ್ದಿಯನ್ನು ಹುಳದ ಮುಂದೆ ಆಡಬಾರದು. ನಾನು ಸ್ವಲ್ಪ ಜಂಬದಿಂದ ಕೇಳಿದೆ, ‘ಅವನೇ ಹೇಳಿದ್ನಲ್ಲ ಅಕ್ಕ ರೇಡಿಯೋದಲ್ಲಿ, ಅದಕ್ಕೇನ್ಮಾಡ್ತೀಯ?’

ಅಕ್ಕ ತಟ್ಟೆಗಳನ್ನು ಒಂದು ಸಲ ನೋಡಿದಳು. ಹುಳಗಳು ಮಳೆ ಬಂದಂಥ ಸದ್ದು ಮಾಡುತ್ತಾ ಮೇಯುತ್ತಲೇ ಇದ್ದವು. ‘ಹುಳಕ್ಕೆ ಇಂಗ್ಲಿಷ್ ಬರಲ್ಲ ಬಿಡು,’ ಎಂದಳು. ‘ನೀನು ಕನ್ನಡದಲ್ಲಿ ಹೇಳ್ಬ್ಯಾಡ, ಅಷ್ಟೇ.’

ಅಲ್ಲಿಂದ ನಮ್ಮದೊಂದು ಕ್ರಮ ಬೆಳೆಯಿತು. ಹುಳದ ಮನೆಯೊಳಗೆ ಅಕ್ಕ ‘ಇವತ್ತು ಯಾರು?’ ಎಂದು ಕೇಳುವಳು. ಹುಟ್ಟು, ಮದುವೆ, ಹೊಸ ರೆಕಾರ್ಡ್, ಇವನ್ನು ಅಲ್ಲೇ ಹೇಳಬಹುದು. ಸಾವಿದ್ದರೆ ನಾನು ಅವಳ ಮುಖ ನೋಡದೆ, ‘ಇವತ್ತು ಯಾರೂ ಸತ್ತಿಲ್ಲ ಅಕ್ಕ’ ಎನ್ನಬೇಕು. ಅಲ್ಲಿಗೆ ಅವಳಿಗೆ ತಿಳಿಯುತ್ತಿತ್ತು. ಮೇವು ಹಾಕಿ ಮುಗಿಸಿ, ಕೈ ತೊಳೆದು, ಹಿತ್ತಲ ಹುಣಸೆ ಮರದ ಕೆಳಗೆ ಹೋಗಿ ನಿಲ್ಲುವಳು. ನಾನು ಹೋಗಿ ನಿಜ ಹೇಳಬೇಕು. ಯಾರು, ಯಾವ ಊರು, ಹೇಗೆ, ಚಿಕ್ಕ ಮಕ್ಕಳಿದ್ದವೇ. ಅಕ್ಕ ಪ್ರತಿಯೊಬ್ಬರಿಗೂ ಒಂದು ‘ಅಯ್ಯೋ ಪಾಪಂ’ ಕೊಡುತ್ತಿದ್ದಳು, ಯಾರಿಗೂ ಕಡಿಮೆ ಮಾಡದೆ. ಆ ಹುಣಸೆ ಮರದಲ್ಲಿ ದೆವ್ವಗಳಿವೆ ಎಂದು ಊರಿಗೆಲ್ಲ ನಂಬಿಕೆ. ಇದ್ದರೆ, ಅವಕ್ಕೆ ಪಾಪ್ ಮ್ಯೂಸಿಕ್ಕಿನ ಹಿಸ್ಟರಿ ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಎಲ್ಲರಿಗಿಂತ ಅಕ್ಕನ ಮನಸ್ಸಿಗೆ ಹತ್ತಿದವಳು ಒಬ್ಬಳು. ಚಿಕ್ಕ ವಯಸ್ಸಿನಲ್ಲೇ ಒಂದು ಹೋಟೆಲ್ ರೂಮಿನಲ್ಲಿ ಒಬ್ಬಳೇ ಸತ್ತವಳು. ಒಡಕು ಧ್ವನಿ. ಮೊದಲ ಸಲ ಕೇಳಿದಾಗ ಅಕ್ಕ ನಕ್ಕಳು, ‘ಇವ್ಳ ಗಂಟಲಲ್ಲಿ ಹುಳ ಮೇಯ್ತಿವೆ ಕಣೇ.’ ಹಾಡು ಮುಗಿಯುವಷ್ಟರಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಹುಣಸೆ ಮರದ ಕೆಳಗೆ ಎಲ್ಲ ಕೇಳಿಕೊಂಡು, ‘ಒಬ್ಬಳೇನಾ? ನೀರು ಕೊಡೋರೂ ಇರ್ಲಿಲ್ವಾ?’ ಎಂದಳು. ‘ಇಂಥೋಳಿಗೆ ಎಡೆ ಇಡೋರಾದ್ರೂ ಯಾರಿದಾರು?’

ಎಡೆ ಎಂದರೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ ಅವರ ಮುಂದಿಡುವುದು. ಆ ಸೀಮೆಯಲ್ಲಿ ಅದಕ್ಕೆ ಮಡಿಮೈಲಿಗೆ ಕಡಿಮೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅದೂ. ಅಕ್ಕ ಕೇಳಿದಳು, ‘ಅವ್ಳಿಗೇನಿಷ್ಟವಂತೆ?’ ಅನೌನ್ಸರ್ ಹೇಳಿದ್ದೇನೋ ವಿಸ್ಕಿ. ನಾನು ಕಾನ್ವೆಂಟಿನ ಮರ್ಯಾದೆ ಉಳಿಸಲು ‘ಕಾಫಿ’ ಎಂದೆ.

‘ಬರೀ ಕಾಫಿನಾ? ತಿನ್ನೋಕೆ?’

‘ಬನ್ನು.’

ಮರುವರ್ಷ ಆ ತಾರೀಖು ಹತ್ತಿರ ಬಂದಾಗ ನಾನು ಜ್ಞಾಪಿಸಿದೆ. ಅಕ್ಕ ಕಣ್ಣರಳಿಸಿ ನೋಡಿದಳು. ‘ತಾರೀಖಾ? ತಾರೀಖಿಗೆ ಯಾರಾದ್ರೂ ಎಡೆ ಇಡ್ತಾರಾ? ತಿಥಿ ಕೇಳ್ಬೇಕು ಕಣೇ.’ ಹಾಗೆ ನಾವಿಬ್ಬರೂ ಶ್ರೀನಿವಾಸಪುರದ ಜೋಯಿಸರ ಜಗುಲಿಯ ಮೇಲೆ ಹೋಗಿ ಕೂತೆವು. ಅನೌನ್ಸರ್ ಕೊಟ್ಟ ತಾರೀಖು ಇಸವಿ ನನ್ನ ಬಾಯಲ್ಲಿ ಸಿದ್ಧವಾಗಿದ್ದವು. ಜೋಯಿಸರು ಹಳೆಯ ಪಂಚಾಂಗದ ಕಟ್ಟು ಬಿಚ್ಚುತ್ತಾ ಕೇಳಿದರು, ‘ಯಾರಮ್ಮ ಹೋಗಿದ್ದು?’

‘ನಮ್ಮ ಚೆಲ್ಲಿ ಕಡೇರು ಸ್ವಾಮಿ,’ ಎಂದಳು ಅಕ್ಕ, ನನ್ನ ತೊಡೆ ಚಿವುಟಿ. ‘ಚಿಕ್ಕ ವಯಸ್ಸು. ಚೆನ್ನಾಗಿ ಹಾಡೋಳು.’

‘ಪಾಪ. ಮುತ್ತೈದೆಯಾಗಿ ಹೋದ್ಲಾ?’

ಅಕ್ಕ ನನ್ನನ್ನು ನೋಡಿದಳು. ನನಗೆ ಗಾಬರಿಯಲ್ಲಿ ಇಂಗ್ಲಿಷೇ ಬಂತು. ‘ಡೈವೋರ್ಸ್.’

ಜೋಯಿಸರು ಕನ್ನಡಕ ತೆಗೆದರು. ‘ಸೂರ್ಯೋದಯಕ್ಕೆ ಮುಂಚೆಯೋ, ಆಮೇಲೋ?’

‘ಎಲ್ಲಿಯ ಸೂರ್ಯೋದಯಕ್ಕೆ?’ ಎಂದುಬಿಟ್ಟೆ ನಾನು. ಅವರು ಕನ್ನಡಕ ಮತ್ತೆ ಏರಿಸಿ ಪಂಚಾಂಗದ ಹಾಳೆ ತಿರುವಿದರು. ಕೊನೆಗೆ ಜ್ಯೇಷ್ಠ ಬಹುಳ ತದಿಗೆ ಎಂದು ಹೇಳಿ ನಮ್ಮನ್ನು ಸಾಗಹಾಕಿದರು. ದಾರಿಯುದ್ದಕ್ಕೂ ನಾವು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ ಬಂದೆವು. ಬೇಕರಿಯಲ್ಲಿ ಒಂದು ಬನ್ನು ಕೊಂಡೆವು.

ಹುಣಸೆ ಮರದ ಕೆಳಗಿನ ಚಪ್ಪಡಿಯ ಮೇಲೆ ಎಲೆ, ಎಲೆಯ ಮೇಲೆ ಬನ್ನು, ಪಕ್ಕದಲ್ಲಿ ಲೋಟದ ಕಾಫಿ. ಅತ್ತೆ ಕಂಡುಬಿಟ್ಟರು. ‘ಯಾವ್ಳೇ ಅವ್ಳು ಇಲ್ಲಿ ಬನ್ನಿಟ್ಟೋಳು? ನಾಯಿಗೆ ಹಾಕೋಷ್ಟು ಹೆಚ್ಚಾಗಿದೆಯಾ ಮನೇಲಿ?’ ಅಕ್ಕ ತಲೆ ತಗ್ಗಿಸಿ, ‘ಅದು ಕಾನ್ವೆಂಟ್ ಪೂಜೆ ಅತ್ತೆ, ಮುಟ್ಟಬ್ಯಾಡಿ’ ಎಂದಳು. ಅತ್ತೆ ಆಮೇಲೆ ಎಂದೂ ಆ ಕಡೆ ಬರಲಿಲ್ಲ. ಪ್ರತಿವರ್ಷ ಒಂದು ಬನ್ನು ನಿರಾತಂಕವಾಗಿ ನಡೆಯಿತು.

ಆದರೆ ಒಂದೇ ಸಾವಿಗೆ ನಮ್ಮಲ್ಲಿ ಎರಡು ದಿನಗಳಾದವು. ತಾರೀಖಿನ ದಿನ ರೇಡಿಯೋದಲ್ಲಿ ಅವಳ ಹಾಡು. ತಿಥಿಯ ದಿನ ಬನ್ನು. ಕೆಲವು ವರ್ಷ ಹತ್ತಿರ ಬರುತ್ತಿದ್ದವು. ಅಧಿಕ ಮಾಸ ಬಂದರೆ ಓಡಿಹೋಗುತ್ತಿದ್ದವು. ‘ಅವರಿಗೆ ಅಧಿಕ ಮಾಸ ಇಲ್ವಾ? ಪಾಪ!’ ಎಂದು ಅಕ್ಕ ಇಡೀ ಯೂರೋಪಿಗೆ ಮರುಗುತ್ತಿದ್ದಳು. ನಾನು ಬಿಡುತ್ತಿರಲಿಲ್ಲ. ತಾರೀಖು ಎಂದರೆ ಸೈಂಟಿಫಿಕ್, ಪ್ರಪಂಚವೆಲ್ಲ ಒಪ್ಪಿದ್ದು, ನಿನ್ನ ತಿಥಿ ವರ್ಷಕ್ಕೊಂದು ಕಡೆ ಅಲೆಯುತ್ತದೆ ಎಂದು ಭಾಷಣ ಬಿಗಿದೆ ಒಂದು ದಿನ. ಅಕ್ಕ ಮಣೆಯ ಮೇಲಿನ ಸೊಪ್ಪನ್ನು ಒಟ್ಟು ಮಾಡುತ್ತಾ ಹೇಳಿದಳು, ‘ಇರಬೋದು ಚೆಲ್ಲೀ. ಆದ್ರೆ ಸತ್ತೋರಿಗೆ ಕ್ಯಾಲೆಂಡ್ರು ಎಲ್ಲಿ ಸಿಗುತ್ತೆ ಹೇಳು? ಅವರು ಮೇಲಿಂದ ಚಂದ್ರನ್ನ ನೋಡ್ಕೊಂಡು ಬರ್ತಾರೆ. ಪಂಚಮಿ ಚಂದ್ರ ಇಷ್ಟಿದ್ದ, ನಾನು ಹೋದಾಗ್ಲೂ ಇಷ್ಟೇ ಇದ್ದ, ಇವತ್ತೇ ನನ್ನ ದಿನ, ಅಂತ. ನಿನ್ನ ತಾರೀಖಿಗೆ ಚಂದ್ರ ಕಾಣಲ್ಲ. ತಾರೀಖಿಗೆ ಕರೆದ್ರೆ ಯಾರು ಬಂದಾರು?’

ನಾನು ತಟ್ಟೆಗಳಿಗೆ ಸೊಪ್ಪು ಉದುರಿಸಲು ಹೋದೆ.

ವರ್ಷಗಳು ಹೋದವು ಎಂದು ಬರೆಯುವುದು ಎಷ್ಟು ಸುಲಭ. ಅತ್ತೆ ಹೋದರು. ಭಾವ ಹೋದರು. ಸಮುದ್ರದಾಚೆಯ ಆ ಕಾರ್ಯಕ್ರಮ ನಿಂತುಹೋಯಿತು, ಬೆಣ್ಣೆ ಧ್ವನಿಯವನೂ ಒಂದು ತಾರೀಖಿಗೆ ಸತ್ತಿರಬೇಕು, ಅದನ್ನು ಹೇಳಲು ಅವನಿಲ್ಲ. ಆಮೇಲೆ ರೇಡಿಯೋ ಕೂಡ ಕೆಟ್ಟಿತು. ಆದರೂ ನಾನು ನೆನಪಿನಿಂದ ಹೇಳುತ್ತಿದ್ದೆ. ಅಷ್ಟು ವರ್ಷ ಕೇಳಿ ಕೇಳಿ ತಾರೀಖುಗಳೆಲ್ಲ ನನಗೆ ಮಗ್ಗಿಯಂತಾಗಿದ್ದವು. ‘ಇವತ್ತು ಯಾರು?’ ಎಂದರೆ ಸಾಕು. ನಮಗೆ ಮಕ್ಕಳಾಗಲಿಲ್ಲ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಕ್ಕನ ಮಗ ಸೀನ ನನ್ನ ಮಡಿಲಲ್ಲೂ ಬೆಳೆದ. ಅವನಿಗೆ ಮಂಜುಳ ಹೆಂಡತಿಯಾಗಿ ಬಂದಳು.

ನನ್ನ ಗಂಡ ತೀರಿಕೊಂಡ ಮೇಲೆ ಕೋಲಾರದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯವರು ಕರೆದರು. ಬಾಯಲ್ಲಿ ತುಕ್ಕು ಹಿಡಿದಿದ್ದ ಇಂಗ್ಲಿಷಿಗೆ ಕೊನೆಗೂ ಒಂದು ಕೆಲಸ. ಹೊರಟ ದಿನ ರೇಡಿಯೋವನ್ನು ಅಕ್ಕನಿಗೇ ಬಿಟ್ಟು ಬರಲು ನೋಡಿದೆ, ಕೆಟ್ಟದ್ದಾದರೂ. ಅವಳು ಅದನ್ನು ಸೆರಗಿನಿಂದ ಒರೆಸಿ ನನ್ನ ಚೀಲದಲ್ಲಿಟ್ಟಳು. ‘ನಂಗ್ಯಾಕೆ? ಓಡ್ತಿದ್ದಾಗ್ಲೂ ಅದು ಹೇಳಿದ್ದು ನಂಗರ್ಥ ಆಗ್ತಿರ್ಲಿಲ್ಲ. ನೀನು ಹೇಳಿದ್ರೇನೇ ಅರ್ಥ.’ ಹಬ್ಬಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಒಂದು ಪುಷ್ಯದಲ್ಲಿ, ಅವರೆಕಾಯಿಯ ಕಾಲ, ಸೀನನ ಫೋನು ಬಂತು. ಬೆಳಿಗ್ಗೆ ಮಣೆಯ ಮುಂದೆ ಕೂತವಳು ಹಾಗೇ ಒರಗಿದ್ದಳಂತೆ. ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿದ್ದರು.

ಮೊದಲ ಕೆಲವು ವರ್ಷ ತಿಥಿಗೆ ಹೋದೆ. ಮನೆ ತುಂಬ ಜನ. ನನ್ನನ್ನು ‘ಮೇಡಮ್ಮೋರು’ ಎಂದು ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಮಾತೆಲ್ಲ ಮಾವಿನ ತೋಟದ ಗುತ್ತಿಗೆ, ಯಾರದೋ ಮದುವೆ, ಬೋರ್‌ವೆಲ್. ಫೋಟೋದಲ್ಲಿದ್ದ ಹೆಂಗಸು ಯಾರದೋ ಅಜ್ಜಿ, ಯಾರದೋ ಅತ್ತೆ. ನನ್ನ ಅಕ್ಕ, ಇಡೀ ಯೂರೋಪಿಗೆ ಮರುಗಿದವಳು, ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊಟ ಮಾಡಿ, ಎಲೆ ಅಡಿಕೆ ತೆಗೆದುಕೊಂಡು ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಹೋಗುವಾಗಿಗಿಂತ ಹೆಚ್ಚು ಒಂಟಿ. ಮೊಣಕಾಲಿನ ನೆಪ ಹೇಳಿ ನಿಲ್ಲಿಸಿದೆ. ಬದಲಿಗೆ ತಾರೀಖು ಹಿಡಿದೆ. ಪ್ರತಿವರ್ಷ ಆ ತಾರೀಖಿಗೆ ಇಲ್ಲಿ, ಈ ಅಡುಗೆಮನೆಯಲ್ಲಿ, ಎರಡು ಲೋಟ ಕಾಫಿ ಬೆರೆಸಿ ಆ ಒಡಕು ಧ್ವನಿಯವಳ ಹಾಡು ಹಾಕುತ್ತೇನೆ. ಒಂದು ಲೋಟ ಆರುತ್ತದೆ. ಪ್ರತಿ ಸಲವೂ ಅದೇ ಮಾತು ನೆನಪಾಗುತ್ತದೆ. ತಾರೀಖಿಗೆ ಕರೆದ್ರೆ ಯಾರು ಬಂದಾರು?

ಈಗ ಗೊತ್ತಾಯಿತಲ್ಲ, ಆ ಚೌಕದ ಮುಂದೆ ನಾನು ಯಾಕೆ ನಿಂತೆ ಎಂದು. ಈ ಒಂದು ವರ್ಷ, ಈ ಒಂದು ದಿನ ಅವಳ ದಿನವೂ ನನ್ನ ದಿನವೂ ಒಂದೇ. ಕರೆದರೆ ಬಂದಾಳು. ಆದರೆ ಬರುವುದು ಅಲ್ಲಿಗೆ, ಎಡೆ ಇಟ್ಟ ಕಡೆಗೆ. ಆ ಪ್ಲಾಸ್ಟಿಕ್ ಕುರ್ಚಿಯ ಹತ್ತಿರಕ್ಕೆ.

ಹೋದೆ. ಹೊಸ ಸೀರೆ ಉಡಲಿಲ್ಲ. ಚೀಲದಲ್ಲಿ ಕೆಟ್ಟ ಟ್ರಾನ್ಸಿಸ್ಟರ್ ಇಟ್ಟುಕೊಂಡೆ, ಬೇಕರಿಯಲ್ಲಿ ಒಂದು ಬನ್ನು ತೆಗೆದುಕೊಂಡೆ. ಬಸ್ಸು ಶ್ರೀನಿವಾಸಪುರ ಸಮೀಪಿಸುತ್ತಿದ್ದಂತೆ ಕಿಟಕಿಯಿಂದ ಮಾವಿನ ಹೂವಿನ ಘಾಟು ಬಂತು, ಎರಡೂ ಕಡೆ ತೋಪುಗಳು ಹೊಂಬಣ್ಣಕ್ಕೆ ತಿರುಗಿದ್ದವು. ನನಗೋ ನಾಚಿಕೆ. ಈ ವಯಸ್ಸಿನಲ್ಲಿ, ಹಾಳು ರೇಡಿಯೋ ಹೊತ್ತುಕೊಂಡು, ಸಿಲ್ಲಿ ಓಲ್ಡ್ ವುಮನ್.

‘ಚಿಕ್ಕಮ್ಮಾ! ದಾರಿ ಮರ್ತೇ ಹೋಗಿತ್ತೇನೋ ಅಂದ್ಕೊಂಡಿದ್ದೆ,’ ಎಂದ ಸೀನ. ಅವನ ಕೂದಲೂ ಬೆಳ್ಳಗಾಗಿದೆ. ಜನ ಅಷ್ಟೊಂದಿರಲಿಲ್ಲ. ಹತ್ತೊಂಬತ್ತು ವರ್ಷ ಹಳೆಯದಾದ ಸಾವಿಗೆ ಯಾರು ಬರುತ್ತಾರೆ? ಮಂಜುಳ ಫೋಟೋದ ಮುಂದೆ ಎಲೆ ಹಾಸಿ ಬಡಿಸುತ್ತಿದ್ದಳು. ಮುದ್ದೆ, ಹಿತಕಿದ ಬೇಳೆ ಸಾರು, ವಡೆ, ಪಾಯಸ. ನಾನು ಚೀಲವನ್ನು ಎದೆಗವಚಿಕೊಂಡು ಕುರ್ಚಿಯಲ್ಲಿ ಕೂತೆ.

‘ಏನು ಚಿಕ್ಕತ್ತೆ, ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದೀರಾ? ಒಡವೆನಾ?’ ಎಂದು ನಕ್ಕು ಮಂಜುಳ ಚೀಲದೊಳಗೆ ಇಣುಕಿದಳು. ಅವಳ ನಗು ನಿಂತಿತು. ‘ಅಯ್ಯೋ. ಈ ಡಬ್ಬಾನ ಇನ್ನೂ ಇಟ್ಕೊಂಡಿದೀರಾ?’

‘ಓಡಲ್ಲ ಕಣಮ್ಮ, ಸುಮ್ನೆ ತಂದೆ,’ ಎಂದೆ.

ಅವಳು ಅದನ್ನು ತೆಗೆದುಕೊಂಡು ಹೋಗಿ ಎಲೆಯ ಬಲಗಡೆ, ನೀರಿನ ಲೋಟದ ಪಕ್ಕ ಇಟ್ಟಳು. ಬನ್ನನ್ನು ವಡೆಯ ಪಕ್ಕದಲ್ಲಿ. ಆಮೇಲೆ ನನ್ನ ಕಾಲ ಬಳಿ ನೆಲದ ಮೇಲೆ ಕೂತು, ದನಿ ತಗ್ಗಿಸಿ, ‘ಚಿಕ್ಕತ್ತೆ, ಒಂದ್ ಕೇಳ್ಳಾ?’ ಎಂದಳು. ‘ನೀವು ಕೋಲಾರಕ್ಕೆ ಹೋದ್ಮೇಲೆ ಅತ್ತೆ ದಿನಾ ಬೆಳಿಗ್ಗೆ ಹುಳದ ಮನೇಲಿ ನನ್ನ ಕೇಳೋರು, ಇವತ್ತು ಯಾರು, ಅಂತ. ನಂಗೇನ್ ಗೊತ್ತು? ಯಾವ ಯಾರು? ನೀವೇನೋ ಅವರಿಗೆ ಯಾರೂ ಸತ್ತಿಲ್ಲ ಅಂತ ಹೇಳ್ತಿದ್ದುದು ಒಂದೆರಡ್ಸಲ ಕಿವಿಗೆ ಬಿದ್ದಿತ್ತು. ನಾನೂ ಅದನ್ನೇ ಹೇಳ್ತಿದ್ದೆ. ಇವತ್ತು ಯಾರೂ ಸತ್ತಿಲ್ಲ ಅತ್ತೆ, ಅಂತ.’

‘ಸರಿಯಾಗೇ ಹೇಳಿದ್ದೀಯ,’ ಎಂದೆ.

‘ಸರಿ ಏನು ಬಂತು? ಅಂದ ಕೂಡ್ಲೇ ಅವ್ರು ಕೈ ತೊಳ್ಕೊಂಡು ಹೋಗಿ ಹುಣಸೆ ಮರದ ಕೆಳಗೆ ನಿಂತ್ಕೊಳ್ಳೋರು. ಸುಮ್ನೆ. ನಾನು ಹಿತ್ತಲಿಗೆ ಪಾತ್ರೆ ತಗೊಂಡು ಹೋದ್ರೆ ನನ್ನ ಮುಖಾನೇ ನೋಡೋರು, ಇನ್ನೂ ಏನೋ ಹೇಳ್ತೀನೇನೋ ಅನ್ನೋ ಥರ. ನಂಗೆ ಏನು ಹೇಳ್ಬೇಕು ಅಂತಾನೇ ತಿಳೀತಿರ್ಲಿಲ್ಲ. ಸ್ವಲ್ಪ ಹೊತ್ತು ನೋಡಿ, ಕಾಫಿ ಕೊಡೇ ಅಂದು ಒಳಗೆ ಬರೋರು. ದಿನಾ ಇದೇ. ಯಾಕೆ ಚಿಕ್ಕತ್ತೆ? ಏನಿತ್ತು ಅಲ್ಲಿ?’

ನಾನು ಎಲೆಯ ಕಡೆ ನೋಡಿದೆ. ಬಡಿಸಿದ ಸಾರಿನಿಂದ ಆವಿ ಏಳುತ್ತಿತ್ತು. ಇಷ್ಟು ವರ್ಷ ನಾನು ನನ್ನ ಆರಿದ ಲೋಟವನ್ನೇ ಎಣಿಸಿದ್ದೆ. ಕಾದವಳು ನಾನೊಬ್ಬಳೇ ಎಂದುಕೊಂಡಿದ್ದೆ.

‘ಏಳು,’ ಎಂದೆ. ‘ಕೈ ತೊಳ್ಕೋ. ಬಾ ಹಿತ್ತಲಿಗೆ.’

ಹುಳದ ಮನೆ ಈಗ ಟೊಮೆಟೊ ಕ್ರೇಟುಗಳ ಗೋಡೌನು. ಹುಣಸೆ ಮರ ಮಾತ್ರ ಇದೆ, ಚಪ್ಪಡಿಯೂ ಇದೆ. ಮಂಜುಳನನ್ನು ಅದರ ಕೆಳಗೆ ನಿಲ್ಲಿಸಿ ಎಲ್ಲ ಹೇಳಿದೆ. ಒಳಗೆ ಏನು, ಹೊರಗೆ ಏನು, ಯಾಕೆ. ಫೋನಿನಲ್ಲಿ ಆ ಹಾಡು ಹಾಕಿದೆ. ಅವಳು ಮೊದಲು ನಕ್ಕಳು. ‘ಏನ್ ಚಿಕ್ಕತ್ತೆ, ಗಂಟಲು ಕಟ್ಟಿದೆ ಇವಳಿಗೆ.’ ನಡುವೆ ಫೋನನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದಳು. ಹಾಡು ಮುಗಿದ ಮೇಲೆ ಕೇಳಿದಳು, ‘ಇವಳಿಗೆ ಯಾರೂ ಇರ್ಲಿಲ್ವಾ?’

‘ನಿಮ್ಮತ್ತೆ ಇದ್ದಳು,’ ಎಂದೆ.

ಸಂಜೆಯ ಬಸ್ಸಿಗೆ ಹಿಂದಿರುಗಿದೆ. ರೇಡಿಯೋ ಅಲ್ಲೇ ಬಿಟ್ಟುಬಂದೆ. ಈ ಸಲ ಒರೆಸಿ ಚೀಲಕ್ಕಿಡುವವರು ಇರಲಿಲ್ಲ. ಹಾಗೆಂದು ಏನೋ ದೊಡ್ಡ ಬದಲಾವಣೆಯಾಯಿತೆಂದು ತಿಳಿಯಬೇಡಿ. ಮನೆ ಅದೇ, ಬೀಗ ಅದೇ, ಒಳಗೆ ಹೋದರೆ ಲೈಟು ಹಾಕುವವಳು ನಾನೇ. ಮಂಜುಳ ಫೋನು ಮಾಡುತ್ತೇನೆ ಎಂದಿದ್ದಾಳೆ. ಮಾಡಿದರೂ ಮಾಡಬಹುದು. ಟೊಮೆಟೊ ಕೊಯ್ಲು ಮುಗಿಯಲಿ.

ಮರುದಿನ ಬೆಳಿಗ್ಗೆ ಹಾಲು ಒಲೆಯ ಮೇಲಿತ್ತು. ಫೋನು ಎಂದಿನಂತೆ ‘ಆನ್ ದಿಸ್ ಡೇ’ ಎಂದಿತು. ಒಬ್ಬ ಹುಟ್ಟಿದ್ದ, ಒಂದು ಹಾಡು ಮೊದಲ ಸ್ಥಾನಕ್ಕೆ ಏರಿತ್ತು, ಒಬ್ಬ ಮುದುಕ ಡ್ರಮ್ಮರ್ ನಿದ್ದೆಯಲ್ಲಿ ತೀರಿಹೋಗಿದ್ದ. ನಾನು ಕ್ಯಾಲೆಂಡರಿನ ಕಡೆ ನೋಡಲಿಲ್ಲ. ಸಕ್ಕರೆ ಡಬ್ಬದ ಮುಚ್ಚಳ ತೆಗೆಯುತ್ತಾ, ಯಾರೋ ಕೇಳಿದ ಹಾಗಾಗಿ, ಹೇಳಿದೆ.

‘ಇವತ್ತು ಯಾರೂ ಸತ್ತಿಲ್ಲ ಅಕ್ಕ.’

ಆಮೇಲೆ ಒಲೆ ಆರಿಸಿ, ಕೈ ತೊಳೆದು, ಹಿಂಬಾಗಿಲು ತೆರೆದು ಹೊರಗೆ ಬಂದೆ. ಇಲ್ಲಿ ಹುಣಸೆ ಮರವಿಲ್ಲ, ಬಟ್ಟೆ ಒಣಹಾಕುವ ತಂತಿ ಇದೆ. ಅದರ ಮೇಲೆ, ನೀರಿನ ಟ್ಯಾಂಕಿನ ಆಚೆ, ಬೆಳಗಿನ ಬಿಸಿಲಿನಲ್ಲಿ ಷಷ್ಠಿಯ ಚಂದ್ರ ಇನ್ನೂ ಮುಳುಗದೆ ಬಿಳಿಚಿಕೊಂಡು ನಿಂತಿದ್ದ. ನಾನು ಅವನ ಕಡೆಗೆ ಮುಖ ಮಾಡಿ, ಸತ್ತವನ ಹೆಸರು, ಊರು, ಎಷ್ಟು ಮಕ್ಕಳು, ಎಲ್ಲವನ್ನೂ ಬಿಡಿಸಿ ಹೇಳಿದೆ. ನಿಜವನ್ನೇ ಹೇಳಿದೆ.